ಗುಂಡುಕಲ್ಲು ನಿಂತಿತು, ಒರಳು ತಿರುಗಿತು

ಹಬ್ಬಕ್ಕೆ ಬಟ್ಟೆ ತರಲು ಅಂಗಡಿಗೆ ಹೋದಾಗ ‘ಈ ಡಿಸೈನ್ ಚೆನ್ನಾಗಿದೆ, ಆ ಡಿಸೈನ್ ಬೇಡ’ ಅಂತೀವಲ್ಲ, ಆಗ ನಮ್ಮ ಮನಸ್ಸಿನಲ್ಲಿರುವುದು ಬಟ್ಟೆಯ ಮೇಲಿನ ಹೂವು, ಬಳ್ಳಿ, ಗೆರೆ, ಬಣ್ಣ ಇಷ್ಟೇ. ಅದು ತಪ್ಪೇನಲ್ಲ. ಆದರೆ ಅದೇ ಅಂಗಿಯ ಜೇಬು ಎಷ್ಟು ಆಳ ಇರಬೇಕು, ಕಾಲರಿನ ಒಳಗೆ ಗಟ್ಟಿ ಬಟ್ಟೆ ಯಾಕೆ, ಹತ್ತು ಸಲ ಒಗೆದ ಮೇಲೆ ಅದು ಏನಾಗುತ್ತದೆ, ಹರಿದ ಮೇಲೆ ಎಲ್ಲಿಗೆ ಹೋಗುತ್ತದೆ, ಇವೂ ಡಿಸೈನೇ. ಯಾರೋ ಕೂತು ಮೊದಲೇ ಯೋಚಿಸಿ ತೀರ್ಮಾನ ಮಾಡಿದ್ದು. ಯೋಚಿಸದೆ ಬಿಟ್ಟರೆ ಅದೂ ಒಂದು ತೀರ್ಮಾನವೇ. ಅದರ ಫಲವನ್ನು ಮಾತ್ರ ಬೇರೆ ಯಾರೋ ಉಣ್ಣಬೇಕಾಗುತ್ತದೆ.

ಡಿಸೈನ್ ಎಂಬುದಕ್ಕೆ ಕನ್ನಡದಲ್ಲಿ ‘ವಿನ್ಯಾಸ’ ಎಂದು ಬರೆಯುತ್ತೇವೆ. ನ್ಯಾಸ ಎಂದರೆ ಇಡುವುದು. ವಿನ್ಯಾಸ ಎಂದರೆ ಒಂದು ಕ್ರಮದಲ್ಲಿ ಇಡುವುದು, ಜೋಡಿಸುವುದು. ಅಮೆರಿಕದ ವಿದ್ವಾಂಸ ಹರ್ಬರ್ಟ್ ಸೈಮನ್ 1969ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇದಕ್ಕೆ ಇನ್ನೂ ಅಗಲವಾದ ಅರ್ಥ ಕೊಟ್ಟರು. ಈಗಿರುವ ಪರಿಸ್ಥಿತಿಯನ್ನು ನಮಗೆ ಬೇಕಾದ ಪರಿಸ್ಥಿತಿಯನ್ನಾಗಿ ಬದಲಾಯಿಸಲು ದಾರಿ ಹುಡುಕುವವರೆಲ್ಲ ವಿನ್ಯಾಸ ಮಾಡುವವರೇ ಎಂಬುದು ಅವರ ಮಾತಿನ ಸಾರ. ಆ ಲೆಕ್ಕದಲ್ಲಿ ಶಾಲೆಯ ವೇಳಾಪಟ್ಟಿ ಹಾಕುವ ಮುಖ್ಯೋಪಾಧ್ಯಾಯರೂ ವಿನ್ಯಾಸಕಾರರು. ಸಾಸಿವೆ ಡಬ್ಬಿಯನ್ನು ಒಲೆಯ ಪಕ್ಕಕ್ಕೇ ಇಟ್ಟುಕೊಳ್ಳುವ ಅಜ್ಜಿಯೂ ವಿನ್ಯಾಸಕಾರಳು.

ಅಜ್ಜಿ ಅಂದ ಮೇಲೆ ಅಡುಗೆಮನೆಯಿಂದಲೇ ಶುರು ಮಾಡೋಣ.

ಒರಳಿನಲ್ಲಿ ಇಡ್ಲಿ ಹಿಟ್ಟು ರುಬ್ಬುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ನೋಡಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ. ಒರಳು ನೆಲದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅದರ ಗುಳಿಯಲ್ಲಿ ಗುಂಡುಕಲ್ಲು. ಬಲಗೈ ಗುಂಡುಕಲ್ಲನ್ನು ಗರಗರ ತಿರುಗಿಸುತ್ತದೆ, ಎಡಗೈ ಅಂಚಿಗೆ ಬಂದ ಹಿಟ್ಟನ್ನು ಮತ್ತೆ ಗುಳಿಗೆ ತಳ್ಳುತ್ತದೆ. ನಡುನಡುವೆ ಒಂದಿಷ್ಟು ನೀರು. ನಾಲ್ಕು ಜನರ ಮನೆಗೆ ರುಬ್ಬಿದರೂ ರಟ್ಟೆ ಬಿದ್ದುಹೋಗುತ್ತದೆ. ಮದುವೆ ಮನೆಯದ್ದು, ಹೋಟೆಲಿನದ್ದು ಕೇಳಲೇಬೇಡಿ.

ಈಗ ನಿಮ್ಮ ಕೈಗೆ ಒಂದು ಮೋಟಾರು ಕೊಟ್ಟು ‘ಈ ಕಷ್ಟ ತಪ್ಪಿಸು’ ಅಂದರೆ ನೀವು ಏನು ಮಾಡ್ತೀರಿ? ತಟ್ಟನೆ ಹೊಳೆಯುವ ಉತ್ತರ: ಗುಂಡುಕಲ್ಲಿಗೆ ಮೋಟಾರು ಕಟ್ಟಿ ತಿರುಗಿಸುವುದು. ಕೈ ಮಾಡುತ್ತಿದ್ದ ಕೆಲಸವನ್ನೇ ಯಂತ್ರದ ಕೈಯಲ್ಲಿ ಮಾಡಿಸುವುದು. ಆದರೆ ಸ್ವಲ್ಪ ನಿಲ್ಲಿ. ನಮ್ಮ ಕೈ ಗುಂಡುಕಲ್ಲನ್ನು ನೇರವಾಗಿ ತಿರುಗಿಸುವುದಿಲ್ಲ. ಓಲಾಡಿಸುತ್ತದೆ, ಸ್ವಲ್ಪ ಎತ್ತುತ್ತದೆ, ಒತ್ತುತ್ತದೆ, ಗಟ್ಟಿ ಕಾಳು ಸಿಕ್ಕ ಕಡೆ ಜಾಸ್ತಿ ಭಾರ ಹಾಕುತ್ತದೆ. ಭುಜ, ಮೊಣಕೈ, ಮಣಿಕಟ್ಟು ಮೂರೂ ಸೇರಿ ಮಾಡುವ ಕೆಲಸ ಅದು. ಮೋಟಾರಿಗೆ ಅಷ್ಟೆಲ್ಲ ಬರುವುದಿಲ್ಲ. ಒಂದೇ ಅಕ್ಷದ ಸುತ್ತ ಒಂದೇ ಸಮನೆ ತಿರುಗುವುದೊಂದೇ ಅದರ ವಿದ್ಯೆ.

ವೆಟ್ ಗ್ರೈಂಡರಿನಲ್ಲಿ ಏನಾಗಿದೆ ಅಂತ ಮುಚ್ಚಳ ತೆಗೆದು ನೋಡಿ. ತಿರುಗುವುದು ಒರಳು! ಗುಂಡುಕಲ್ಲನ್ನು ಒಂದು ತೋಳು ಹಿಡಿದುಕೊಂಡಿರುತ್ತದೆ. ಅದು ಇದ್ದ ಜಾಗದಲ್ಲೇ ಇದ್ದು, ತನ್ನ ಭಾರದಿಂದ ಹಿಟ್ಟನ್ನು ಅರೆಯುತ್ತದೆ. ಮನುಷ್ಯನಿಗೆ ಹಗುರವಾದ ಗುಂಡನ್ನು ತಿರುಗಿಸುವುದು ಸುಲಭ, ಭಾರವಾದ ಒರಳನ್ನು ತಿರುಗಿಸುವುದು ಅಸಾಧ್ಯ. ಮೋಟಾರಿಗೆ ಉಲ್ಟಾ. ಸರಿಯಾದ ಅಕ್ಷದ ಮೇಲೆ ಕೂತ ದುಂಡಗಿನ ಒರಳನ್ನು ತಿರುಗಿಸುವುದೇ ಅದಕ್ಕೆ ಸಲೀಸು. ಅಜ್ಜಿಯ ಎಡಗೈ ಎಲ್ಲಿ ಹೋಯಿತು? ಅದೂ ಅಲ್ಲೇ ಇದೆ, ಹುಡುಕಿ. ಪಾತ್ರೆಯ ಗೋಡೆಗೆ ತಾಗಿಕೊಂಡು ಅಲ್ಲಾಡದೆ ನಿಂತಿರುವ ಒಂದು ಪಟ್ಟಿ ಇದೆಯಲ್ಲ, ಅದೇ. ಹಿಟ್ಟು ತಿರುಗುತ್ತಾ ಬಂದು ಆ ಪಟ್ಟಿಗೆ ಬಡಿದು ಮತ್ತೆ ಕಲ್ಲಿನ ಕೆಳಗೆ ಹೋಗುತ್ತದೆ. ಎಡಗೈ ಹಿಟ್ಟಿನ ಹತ್ತಿರ ಹೋಗುತ್ತಿತ್ತು, ಇಲ್ಲಿ ಹಿಟ್ಟೇ ಕೈಯ ಹತ್ತಿರ ಬರುತ್ತದೆ.

ಇನ್ನು ವೇಗದ ಲೆಕ್ಕ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಅದರಿಂದ ಓಡುವ ನಾಲ್ಕು ಧ್ರುವದ ಸಾಮಾನ್ಯ ಇಂಡಕ್ಷನ್ ಮೋಟಾರು ನಿಮಿಷಕ್ಕೆ 1500ಕ್ಕಿಂತ ಸ್ವಲ್ಪ ಕಡಿಮೆ, ಸುಮಾರು 1440 ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಒರಳು ತಿರುಗಿದರೆ ಹಿಟ್ಟು ಗೋಡೆ ಮೇಲಿರುತ್ತದೆ! ಅದಕ್ಕೇ ಮೋಟಾರಿಗೆ ಚಿಕ್ಕ ಚಕ್ರ, ಒರಳಿಗೆ ದೊಡ್ಡ ಚಕ್ರ, ನಡುವೆ ಬೆಲ್ಟು. ದೊಡ್ಡ ಚಕ್ರದ ವ್ಯಾಸ ಚಿಕ್ಕದರ ಹತ್ತರಷ್ಟಿದ್ದರೆ ವೇಗ 144ಕ್ಕೆ ಇಳಿಯುತ್ತದೆ, ತಿರುಗಿಸುವ ಬಲ ಹೆಚ್ಚುಕಡಿಮೆ ಹತ್ತು ಪಟ್ಟಾಗುತ್ತದೆ. ನಿಧಾನ ಇದ್ದಷ್ಟೂ ಹಿಟ್ಟು ಬಿಸಿಯಾಗುವುದು ಕಡಿಮೆ. ಸಾವಿರಾರು ಸುತ್ತು ತಿರುಗುವ ಮಿಕ್ಸಿಯಲ್ಲಿ ರುಬ್ಬಿದ ಮೇಲೆ ಜಾರನ್ನು ಮುಟ್ಟಿ ನೋಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಈ ಯಂತ್ರದ ತವರು ಕೊಯಮತ್ತೂರು. 1955ರಲ್ಲಿ ಪಿ. ಸಭಾಪತಿ ಎಂಬವರು ಅಲ್ಲಿ ಮೊದಲ ವೆಟ್ ಗ್ರೈಂಡರ್ ತಯಾರಿಸಿದರು. ಮೈಸೂರು ಮಲ್ಲಿಗೆಗೆ, ಮೈಸೂರು ರೇಷ್ಮೆಗೆ ಇರುವ ಹಾಗೆ ‘ಕೊಯಮತ್ತೂರು ವೆಟ್ ಗ್ರೈಂಡರ್’ ಎಂಬ ಹೆಸರಿಗೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಮೋಟಾರು ಕೊಯಮತ್ತೂರಿನದು, ಕಲ್ಲು ಪಕ್ಕದ ತಿರುಪ್ಪೂರು ಜಿಲ್ಲೆಯ ಊತ್ತುಕ್ಕುಳಿ ಕಡೆಯದು. (ಆ ಊರು ಬೆಣ್ಣೆಗೂ ಹೆಸರುವಾಸಿ. ಇಡ್ಲಿಗೆ ಕಲ್ಲು, ದೋಸೆಗೆ ಬೆಣ್ಣೆ, ಎರಡೂ ಒಂದೇ ಕಡೆ!)

ಇದೆಲ್ಲ ಕೊಯಮತ್ತೂರಿನಲ್ಲೇ ಯಾಕೆ ಆಯಿತು? 1930ರ ದಶಕದ ಆರಂಭದಲ್ಲಿ ನೀಲಗಿರಿಯ ಪೈಕಾರಾದಿಂದ ಜಲವಿದ್ಯುತ್ತು ಬಂತು. ಹತ್ತಿ ಗಿರಣಿಗಳು ಹೆಚ್ಚಾದವು. ಗಿರಣಿ ಇದ್ದ ಮೇಲೆ ರಿಪೇರಿ ಬೇಕು, ರಿಪೇರಿಗೆ ಎರಕದ ಮನೆ, ಲೇತು ಬೇಕು. 1937ರಲ್ಲಿ ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು ಸೇರಿ ಭಾರತದಲ್ಲೇ ತಯಾರಾದ ಮೊದಲ ವಿದ್ಯುತ್ ಮೋಟಾರನ್ನು ಹೊರತಂದರು. ಜಿ.ಡಿ. ನಾಯ್ಡು ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. 1920ರಲ್ಲಿ ಪೊಳ್ಳಾಚಿಯಿಂದ ಪಳನಿಗೆ ಒಂದು ಬಸ್ಸು ಓಡಿಸುವುದರಿಂದ ಶುರು ಮಾಡಿ, ಬ್ಯಾಟರಿಯಿಂದ ನಡೆಯುವ ಕ್ಷೌರದ ಯಂತ್ರ, ಸೀಮೆಎಣ್ಣೆಯಿಂದ ತಿರುಗುವ ಫ್ಯಾನು ಅಂತ ಏನೇನೋ ಮಾಡಿದರು. ಅವರ ಕಥೆಗೆ ಬೇರೆ ಲೇಖನವೇ ಬೇಕು, ಇಲ್ಲಿ ಬಿಡೋಣ.

ಮುಂದಿನ ಕಥೆಯೂ ಕೊಯಮತ್ತೂರಿನದೇ. ಹುಡುಗರೇ, ‘ಇದು ಹುಡುಗಿಯರ ವಿಷಯ’ ಅಂತ ಪುಟ ಮಗುಚಬೇಡಿ. ಹಾಗೆ ಮಗುಚಿದ್ದರಿಂದಲೇ ಈ ಸಮಸ್ಯೆ ಅಷ್ಟು ಕಾಲ ಉಳಿದದ್ದು.

ಅರುಣಾಚಲಂ ಮುರುಗಾನಂದಂ ಕೈಮಗ್ಗದ ನೇಕಾರರ ಮಗ. ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಟ್ಟವರು. 1998ರಲ್ಲಿ ಮದುವೆಯಾಯಿತು. ಮುಟ್ಟಿನ ದಿನಗಳಲ್ಲಿ ಹೆಂಡತಿ ಹಳೆ ಬಟ್ಟೆ ಬಳಸುವುದನ್ನು ನೋಡಿ ‘ಪ್ಯಾಡ್ ಯಾಕೆ ತರಬಾರದು’ ಅಂತ ಕೇಳಿದರು. ಅದನ್ನು ಕೊಂಡರೆ ಮನೆಯ ಹಾಲಿನ ದುಡ್ಡಿಗೆ ಕತ್ತರಿ ಬೀಳುತ್ತದೆ ಎಂಬುದು ಉತ್ತರ. ಸರಿ, ನಾನೇ ಮಾಡ್ತೀನಿ ಅಂತ ಹತ್ತಿಯಿಂದ ಮಾಡಿ ಕೊಟ್ಟರು. ಅದು ಕೆಲಸಕ್ಕೆ ಬರಲಿಲ್ಲ. ಮತ್ತೆ ಮಾಡಿದರು, ಮತ್ತೆ ಕೆಟ್ಟಿತು. ಮನೆಯವರಿಗೆ ಇದನ್ನು ಮಾತಾಡುವುದೇ ಮುಜುಗರ. ಹಾಗಾಗಿ ಬಳಸಿ ನೋಡಿ ಹೇಳುವವರೇ ಇಲ್ಲ. ಕೊನೆಗೆ ಫುಟ್‌ಬಾಲಿನ ಬ್ಲಾಡರಿಗೆ ಮೇಕೆಯ ರಕ್ತ ತುಂಬಿ, ಕೊಳವೆ ಇಟ್ಟು, ತಾವೇ ಕಟ್ಟಿಕೊಂಡು ಓಡಾಡಿ, ಸೈಕಲ್ ತುಳಿದು ಪರೀಕ್ಷೆ ಮಾಡಿದರು. ಊರಿನವರು ಹುಚ್ಚು ಹಿಡಿದಿದೆ ಅಂದುಕೊಂಡರು.

ಸೋಲಿಗೆ ಕಾರಣ ಪದಾರ್ಥದಲ್ಲಿತ್ತು. ಹತ್ತಿ ದ್ರವವನ್ನು ಹೀರುತ್ತದೆ ನಿಜ. ಆದರೆ ಪ್ಯಾಡ್ ಹೀರಿದರೆ ಸಾಲದು, ಮೇಲೆ ಭಾರ ಬಿದ್ದಾಗಲೂ ಹೀರಿದ್ದನ್ನು ಬಿಡದೆ ಹಿಡಿದುಕೊಳ್ಳಬೇಕು. ಕಂಪನಿಗಳ ಪ್ಯಾಡಿನ ಒಳಗೆ ಇದ್ದದ್ದು ಹತ್ತಿಯಲ್ಲ, ಮರದ ತಿರುಳಿನಿಂದ ಬರುವ ಸೆಲ್ಯುಲೋಸ್ ನಾರು. ಇದನ್ನು ಪತ್ತೆ ಮಾಡಲು ಅವರಿಗೆ ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಪದಾರ್ಥ ಗೊತ್ತಾದರೆ ಮುಗಿಯಿತೇ? ಆ ತಿರುಳನ್ನು ಪ್ಯಾಡ್ ಮಾಡುವ ದೊಡ್ಡ ಯಂತ್ರದ ಬೆಲೆ ಕೋಟಿಗಳಲ್ಲಿ.

ಮುರುಗಾನಂದಂ ಆ ದೊಡ್ಡ ಯಂತ್ರವನ್ನೇ ಚಿಕ್ಕದಾಗಿ ಮಾಡಲು ಹೋಗಲಿಲ್ಲ. ಅದು ಮಾಡುವ ಕೆಲಸವನ್ನು ಬಿಡಿಸಿ ನೋಡಿದರು. ಗಟ್ಟಿ ಹಾಳೆಯ ಹಾಗಿರುವ ತಿರುಳನ್ನು ಪುಡಿಮಾಡಿ ಅರಳೆಯಂತೆ ಮಾಡುವುದು ಒಂದು ಕೆಲಸ. ಅದಕ್ಕೆ ಅಡುಗೆಮನೆಯ ಮಿಕ್ಸಿಯಂಥ ಯಂತ್ರವೇ ಸಾಕು. ಅದನ್ನು ಅಚ್ಚಿನಲ್ಲಿ ಒತ್ತುವುದು ಇನ್ನೊಂದು. ತೆಳು ಬಟ್ಟೆಯಂಥ ಹೊದಿಕೆ ಸುತ್ತಿ ಅಂಟಿಸುವುದು ಮತ್ತೊಂದು. ಕೊನೆಗೆ ನೇರಳಾತೀತ ಬೆಳಕಿನಲ್ಲಿ ಕ್ರಿಮಿಗಳನ್ನು ಕೊಲ್ಲುವುದು. ಹೀಗೆ ಬಿಡಿಬಿಡಿಯಾದ ಸರಳ ಯಂತ್ರಗಳ ಒಂದು ಜೊತೆ ಆಗ ಸುಮಾರು 65,000 ರೂಪಾಯಿಗೆ ಸಿದ್ಧವಾಯಿತು. ಅದನ್ನು ದೊಡ್ಡ ಕಂಪನಿಗಳಿಗೆ ಮಾರದೆ ಹಳ್ಳಿಯ ಮಹಿಳಾ ಸ್ವಸಹಾಯ ಸಂಘಗಳಿಗೆ ಕೊಟ್ಟರು. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2018ರ ‘ಪ್ಯಾಡ್ ಮ್ಯಾನ್’ ಸಿನಿಮಾ ಇವರ ಜೀವನದಿಂದ ಪ್ರೇರಿತವಾದದ್ದು.

ನನಗೆ ಇದರಲ್ಲಿ ಹೆಚ್ಚು ಇಷ್ಟವಾಗುವುದು ಬೆಲೆಯಲ್ಲ. ಯಂತ್ರ ಕೆಟ್ಟರೆ ಅದನ್ನು ಓಡಿಸುವ ಹೆಂಗಸರೇ ಬಿಚ್ಚಿ ನೋಡುವಷ್ಟು ಅದು ಸರಳವಾಗಿದೆ. ಯಾರು ಬಳಸುತ್ತಾರೆ ಎಂಬುದನ್ನು ಯಂತ್ರ ತಯಾರಾದ ಮೇಲೆ ಯೋಚಿಸಿದ್ದಲ್ಲ, ಅದರಿಂದಲೇ ಯೋಚನೆ ಶುರುವಾದದ್ದು.

ಆದರೆ ‘ಬಳಸಿದ ಮೇಲೆ ಏನು?’ ಎಂಬ ಪ್ರಶ್ನೆ ಉಳಿದೇ ಇದೆ. ಇವತ್ತು ಮಾರುಕಟ್ಟೆಯಲ್ಲಿರುವ ಎಷ್ಟೋ ಪ್ಯಾಡ್‌ಗಳಲ್ಲಿ ಪ್ಲಾಸ್ಟಿಕ್ ಪದರ ಇದೆ. ಅದು ಮಣ್ಣಲ್ಲಿ ಬೇಗ ಕರಗುವುದಿಲ್ಲ, ಸುಟ್ಟರೆ ಹೊಗೆ. ಈ ಪ್ರಶ್ನೆಯನ್ನು ತಡವಾಗಿ ಕೇಳಿದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ಕೊಯಮತ್ತೂರಿನಿಂದ ನೊಯ್ಯಲ್ ನದಿಯ ಜೊತೆ ಕೆಳಗೆ ಹೋಗಬೇಕು.

ನೊಯ್ಯಲ್ ಹುಟ್ಟುವುದು ಪಶ್ಚಿಮ ಘಟ್ಟದ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ. ಕೊಯಮತ್ತೂರು, ತಿರುಪ್ಪೂರು ದಾಟಿ ಕಡೆಗೆ ನಮ್ಮ ತಲಕಾವೇರಿಯಿಂದ ಬಂದ ಕಾವೇರಿಯನ್ನೇ ಸೇರುತ್ತದೆ. ತಿರುಪ್ಪೂರು ಬನಿಯನ್ ಊರು. ನೀವು ಹಾಕಿಕೊಂಡಿರುವ ಬನಿಯನ್ನೋ ಟೀ ಶರ್ಟೋ ಅಲ್ಲಿಂದ ಬಂದಿದ್ದರೆ ಆಶ್ಚರ್ಯವಿಲ್ಲ. ಮಗ್ಗದ ಬಟ್ಟೆಯಲ್ಲಿ ಹಾಸು, ಹೊಕ್ಕು ಎಂದು ಎರಡು ನೂಲುಗಳು ನೇರವಾಗಿ ಒಂದನ್ನೊಂದು ದಾಟುತ್ತವೆ. ಬನಿಯನ್ ಬಟ್ಟೆಯಲ್ಲಿ ಹಾಗಲ್ಲ, ಒಂದೇ ನೂಲು ಕುಣಿಕೆ ಕುಣಿಕೆಯಾಗಿ ಹೆಣೆದುಕೊಂಡಿರುತ್ತದೆ. ಎಳೆದಾಗ ಕುಣಿಕೆಯ ಆಕಾರ ಬದಲಾಗುತ್ತದೆ, ಬಿಟ್ಟಾಗ ಮತ್ತೆ ಮೊದಲಿನಂತೆ. ಬನಿಯನ್ ಹಿಗ್ಗುವುದು ನೂಲಿನ ಗುಣದಿಂದಲ್ಲ, ನೂಲನ್ನು ಇಟ್ಟ ಕ್ರಮದಿಂದ. ‘ವಿನ್ಯಾಸ’ ಎಂಬ ಪದದ ಅರ್ಥ ಇಲ್ಲಿ ಕಣ್ಣಿಗೇ ಕಾಣುತ್ತದೆ.

ಈ ಬಟ್ಟೆಗೆ ಬಣ್ಣ ಹಾಕಬೇಕು. ಹತ್ತಿಗೆ ಹಾಕುವ ರಿಯಾಕ್ಟಿವ್ ಬಣ್ಣಗಳಲ್ಲಿ ಒಂದು ತೊಡಕಿದೆ. ನೀರಿನಲ್ಲಿ ಮುಳುಗಿದ ಹತ್ತಿಯ ಮೇಲ್ಮೈಗೆ ಋಣ ವಿದ್ಯುದಂಶ ಬರುತ್ತದೆ, ಬಣ್ಣದ ಕಣಕ್ಕೂ ಋಣವೇ. ಸಜಾತಿಗಳು ದೂಡುತ್ತವೆ ಎಂದು ನೀವು ಓದಿದ್ದೀರಿ. ಹಾಗಾಗಿ ಬಣ್ಣ ನೂಲಿನ ಹತ್ತಿರ ಬರಲು ಹಿಂದೇಟು ಹಾಕುತ್ತದೆ. ಆ ವಿಕರ್ಷಣೆಯನ್ನು ತಗ್ಗಿಸಲು ನೀರಿಗೆ ಬಹಳಷ್ಟು ಉಪ್ಪು ಹಾಕುತ್ತಾರೆ. ಸಾಮಾನ್ಯ ಉಪ್ಪು, ಇಲ್ಲವೇ ಸೋಡಿಯಂ ಸಲ್ಫೇಟ್. ಬಣ್ಣ ಹತ್ತಿರ ಬಂದ ಮೇಲೆ ಸೋಡಾ ಹಾಕಿ ಅದನ್ನು ನಾರಿಗೆ ಬಂಧಿಸುತ್ತಾರೆ. ಬಂಧವಾಗದೆ ಉಳಿದ ಬಣ್ಣವನ್ನು ತೊಳೆದು ತೆಗೆಯಬೇಕು. ಈಗ ಹೇಳಿ, ಉಪ್ಪು ಎಲ್ಲಿ ಹೋಯಿತು? ಅದು ಬಟ್ಟೆಗೆ ಅಂಟುವುದಿಲ್ಲ. ಕೆಲಸ ಮುಗಿಸಿ ಅಷ್ಟೂ ನೀರಿನ ಜೊತೆಯೇ ಹೊರಬರುತ್ತದೆ.

ನೂರಾರು ಘಟಕಗಳಿಂದ ಹೊರಬಂದ ಆ ನೀರು ವರ್ಷಗಟ್ಟಲೆ ನೊಯ್ಯಲ್ಲಿಗೆ ಹೋಯಿತು. ನೀರಿಂದ ಬಣ್ಣವನ್ನು ತೆಗೆಯಬಹುದು, ಸುಣ್ಣ ಮತ್ತಿತರ ರಾಸಾಯನಿಕ ಹಾಕಿದರೆ ಗಸಿಯಾಗಿ ಕೆಳಗೆ ಕೂರುತ್ತದೆ. ಕರಗಿದ ಉಪ್ಪು ಹಾಗೆ ಕೂರುವುದಿಲ್ಲ. ನೋಡಲು ತಿಳಿಯಾದ ನೀರು, ಬಾಯಿಗೆ ಉಪ್ಪು! ತಿರುಪ್ಪೂರಿನ ಕೆಳಗೆ ಒರತ್ತುಪ್ಪಾಳಯಂ ಎಂಬಲ್ಲಿ ರೈತರ ಹೊಲಕ್ಕೆಂದು 1990ರ ದಶಕದ ಆರಂಭದಲ್ಲಿ ಅಣೆಕಟ್ಟು ಕಟ್ಟಿದ್ದರು. ಅದರಲ್ಲಿ ಈ ನೀರೇ ನಿಂತಿತು. ನೀರಾವರಿಗೆ ಕಟ್ಟಿದ ಅಣೆಯ ನೀರನ್ನು ಬಿಡಬೇಡಿ ಅಂತ ರೈತರೇ ಹೇಳುವ ಹಾಗಾಯಿತು. ಸುತ್ತಲಿನ ಬಾವಿಗಳೂ ಕೆಟ್ಟವು. ಬನಿಯನ್ ಹಾಕಿದ ನಮಗೆ ಇದು ಗೊತ್ತೇ ಆಗಲಿಲ್ಲ. ನಮ್ಮ ಬನಿಯನ್ ಬೆಲೆ ಕಡಿಮೆಯೇ ಇತ್ತು. ಉಳಿದ ಬೆಲೆಯನ್ನು ತೆತ್ತವರು ನದಿಯ ಕೆಳಗಿನ ರೈತರು.

ರೈತರು ನ್ಯಾಯಾಲಯಕ್ಕೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ತಿರುಪ್ಪೂರಿನ ಡೈಯಿಂಗ್ ಘಟಕಗಳನ್ನು ಮುಚ್ಚಲು ಆದೇಶಿಸಿತು. ಊರಿಗೆ ಊರೇ ಕಂಗಾಲು. ಬಣ್ಣ ಇಲ್ಲದಿದ್ದರೆ ಹೊಲಿಗೆಯೂ ಇಲ್ಲ, ಕೂಲಿಯೂ ಇಲ್ಲ. ಇಲ್ಲಿ ಒಂದು ಮಾತು ಹೇಳಬೇಕು. ಅಲ್ಲಿ ಕೆಲಸಕ್ಕೆ ಬಂದಿದ್ದವರಲ್ಲಿ ಬಹಳ ಜನ ಬಡವರು. ರೈತರದು ಸರಿ, ಕಾರ್ಮಿಕರದು ತಪ್ಪು ಅಂತ ಹೇಳಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ತಪ್ಪು ಇದ್ದದ್ದು ಕೆಲಸದ ಜೋಡಣೆಯಲ್ಲಿ.

ಆ ಜೋಡಣೆಯನ್ನು ಬದಲಾಯಿಸಿದರು. ಶೂನ್ಯ ದ್ರವ ವಿಸರ್ಜನೆ, ಅಂದರೆ ಒಂದು ಹನಿ ಕೊಳಕು ನೀರನ್ನೂ ಹೊರಗೆ ಬಿಡದ ಪದ್ಧತಿ. ಕೊಳವೆಗಳ ಮೂಲಕ ಹಲವು ಘಟಕಗಳ ನೀರು ಒಂದು ಸಾಮೂಹಿಕ ಶುದ್ಧೀಕರಣ ಕೇಂದ್ರಕ್ಕೆ ಬರುತ್ತದೆ. ಮೊದಲು ಸೂಕ್ಷ್ಮಜೀವಿಗಳು ಅದರಲ್ಲಿನ ಸಾವಯವ ಕೊಳೆಯನ್ನು ತಿನ್ನುತ್ತವೆ. ಆಮೇಲೆ ಆರ್.ಓ. ಪೊರೆ, ನಿಮ್ಮ ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಇರುವಂಥದ್ದೇ. ಒಂದು ಕಡೆ ಒಳ್ಳೆ ನೀರು, ಅದು ಮತ್ತೆ ಬಣ್ಣದ ತೊಟ್ಟಿಗೆ. ಇನ್ನೊಂದು ಕಡೆ ಗಟ್ಟಿ ಉಪ್ಪುನೀರು. ಅದನ್ನು ಕಾಯಿಸಿ ಆವಿ ಮಾಡಿ ಉಪ್ಪನ್ನು ತೆಗೆದು, ಅದನ್ನೂ ಮತ್ತೆ ಬಣ್ಣದ ತೊಟ್ಟಿಗೇ ಹಾಕಬಹುದು. ಸರಳರೇಖೆಯಾಗಿದ್ದ ಹಾದಿ ವೃತ್ತವಾಯಿತು. ಇದಕ್ಕೆ ವಿದ್ಯುತ್ತು, ಉರುವಲು ಬಹಳ ಬೇಕು. ಎಲ್ಲ ಉಪ್ಪೂ ಶುದ್ಧವಾಗಿ ಸಿಗುವುದಿಲ್ಲ, ಒಂದಿಷ್ಟು ಬೆರಕೆ ಗಸಿ ಉಳಿಯುತ್ತದೆ. ಪೂರ್ತಿ ಗೆದ್ದೆವು ಅನ್ನುವ ಹಾಗಿಲ್ಲ. ಆದರೆ ಆ ಪದ್ಧತಿಗೆ ಒಗ್ಗಿಕೊಂಡ ಘಟಕಗಳು ಮತ್ತೆ ಬಾಗಿಲು ತೆರೆದವು, ಬನಿಯನ್ ಊರು ಬನಿಯನ್ ಊರಾಗಿಯೇ ಉಳಿಯಿತು.

ಉಪ್ಪೇ ಬೇಡದ, ಅಥವಾ ತೀರಾ ಕಡಿಮೆ ಉಪ್ಪು ಸಾಕಾಗುವ ಬಣ್ಣ ಹಾಕುವ ವಿಧಾನ ಹುಡುಕುವುದು ಇನ್ನೊಂದು ದಾರಿ. ಹತ್ತಿಯ ಮೇಲ್ಮೈಗೆ ಮೊದಲೇ ಧನ ವಿದ್ಯುದಂಶ ಕೊಟ್ಟುಬಿಟ್ಟರೆ ಬಣ್ಣ ತಾನಾಗಿ ಬಂದು ಅಂಟಿಕೊಳ್ಳುತ್ತದೆ. ಈ ಬಗ್ಗೆ ಪ್ರಯೋಗಗಳು ನಡೆದಿವೆ. ಕೊಳೆಯಾದ ಮೇಲೆ ತೊಳೆಯುವುದಕ್ಕಿಂತ ಕೊಳೆಯೇ ಆಗದಂತೆ ಮೊದಲೇ ಜೋಡಿಸುವುದು ಮೇಲು, ಅಲ್ವಾ? ನಿಮ್ಮಲ್ಲಿ ಯಾರಾದರೂ ರಸಾಯನಶಾಸ್ತ್ರ ಓದಿದರೆ ಈ ಕೆಲಸ ನಿಮಗಾಗಿ ಕಾದಿದೆ.

ಮುಂದಿನ ದಿನಗಳಲ್ಲಿ ಚಿತ್ರ ಬರೆಯುವುದು, ಬಟ್ಟೆಯ ಮೇಲೆ ಹೂವು ಬಿಡಿಸುವುದು, ಎಲ್ಲವನ್ನೂ ಕಂಪ್ಯೂಟರೇ ಮಾಡುತ್ತದೆ, ಆಮೇಲೆ ಡಿಸೈನ್ ಕಲಿತು ಏನು ಉಪಯೋಗ ಅಂತ ಕೇಳುವವರಿದ್ದಾರೆ. ಹೂವು ಬಿಡಿಸುವುದಷ್ಟೇ ಡಿಸೈನ್ ಆಗಿದ್ದರೆ ಆ ಮಾತು ನಿಜವಾಗುತ್ತಿತ್ತೋ ಏನೋ. ಉಪ್ಪು ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕಾದವರು ಮನುಷ್ಯರು. ಈಗ ಬೇರೆ ದೇಶಗಳಲ್ಲಿ ಇಂಥ ಪ್ರಶ್ನೆಗಳು ಕಾನೂನೂ ಆಗುತ್ತಿವೆ. ಫ್ರಾನ್ಸಿನಲ್ಲಿ 2021ರಲ್ಲಿ ಮೊಬೈಲು, ವಾಷಿಂಗ್ ಮಷೀನಿನಂಥ ವಸ್ತುಗಳ ಮೇಲೆ ‘ಇದನ್ನು ರಿಪೇರಿ ಮಾಡುವುದು ಎಷ್ಟು ಸುಲಭ’ ಎಂಬುದಕ್ಕೆ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಬೇಕು ಎಂಬ ನಿಯಮ ಬಂತು. ಯುರೋಪ್ ಒಕ್ಕೂಟದಲ್ಲಿ 2024ರ ಕೊನೆಯಿಂದ ಹೊಸ ಮೊಬೈಲುಗಳಿಗೆಲ್ಲ ಒಂದೇ ಬಗೆಯ ಚಾರ್ಜರು. ನಿಮ್ಮ ಮನೆಯ ಡ್ರಾಯರಿನಲ್ಲಿ ಕೆಲಸಕ್ಕೆ ಬಾರದ ಹಳೆ ಚಾರ್ಜರುಗಳು ಎಷ್ಟಿವೆ, ಎಣಿಸಿ ನೋಡಿ.

ಟೀ ಶರ್ಟಿನ ವಿಷಯದಲ್ಲೂ ಇಂಥದ್ದೇ ಒಂದು ತೊಡಕಿದೆ. ಹತ್ತಿಯ ಚೂರುಗಳನ್ನು ಮತ್ತೆ ಬಿಡಿಸಿ ನೂಲು ಮಾಡಬಹುದು, ತಿರುಪ್ಪೂರಿನ ಕತ್ತರಿಸಿದ ಚೂರುಗಳಿಂದ ಹಾಗೆ ನೂಲು ಮಾಡುತ್ತಲೂ ಇದ್ದಾರೆ. ಆದರೆ ಹತ್ತಿಯ ಜೊತೆ ಹಿಗ್ಗುವ ಸಂಶ್ಲೇಷಿತ ಎಳೆ ಸೇರಿಸಿದ್ದರೆ ಅವೆರಡನ್ನು ಬೇರ್ಪಡಿಸುವುದು ಬಹಳ ಕಷ್ಟ. ಹೊಲಿಯುವ ದಿನವೇ ಹರಿಯುವ ದಿನದ ಯೋಚನೆ ಬೇಕು.

ಸೀರೆ, ಪಂಚೆಗಳ ವಿಷಯ ಬೇರೆ. ಕೊಯಮತ್ತೂರು ಭಾಗದಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರ ಕುಟುಂಬಗಳು ತಲೆಮಾರುಗಳಿಂದ ಇವೆ. ಅವರ ಮಗ್ಗದಿಂದ ಇಳಿದ ಸೀರೆ ಕತ್ತರಿಯನ್ನೇ ಕಾಣುವುದಿಲ್ಲ. ಉಡುವಷ್ಟೇ ಉದ್ದ, ಉಡುವಷ್ಟೇ ಅಗಲ, ಒಂದು ಚೂರೂ ದಂಡ ಇಲ್ಲ. ಅಂಗಿ ಹೊಲಿಯುವಾಗ ಹಾಗಾಗುವುದಿಲ್ಲ. ಕುತ್ತಿಗೆಯ ದುಂಡು, ತೋಳಿನ ವಕ್ರ ಕತ್ತರಿಸಿದಾಗ ಸುತ್ತ ಚೂರು ಉಳಿಯುತ್ತದೆ. ಎಷ್ಟು ಉಳಿಯುತ್ತದೆ ಎಂಬುದು ತುಂಡುಗಳನ್ನು ಬಟ್ಟೆಯ ಮೇಲೆ ಹೇಗೆ ಇಟ್ಟಿದ್ದೀರಿ ಎಂಬುದರ ಮೇಲಿದೆ.

ಇದನ್ನು ನೀವೇ ಮಾಡಿ ನೋಡಬಹುದು. ಹಳೆಯ ದಪ್ಪ ರಟ್ಟಿನಲ್ಲಿ ಗೊಂಬೆಯ ಅಳತೆಯ ಟೀ ಶರ್ಟಿನ ಮುಂಭಾಗ, ಹಿಂಭಾಗ, ಎರಡು ತೋಳು ಹೀಗೆ ನಾಲ್ಕು ತುಂಡು ಕತ್ತರಿಸಿಕೊಳ್ಳಿ. ಗಣಿತದ ಚೌಕುಳಿ ಹಾಳೆಯ ಮೇಲೆ ಅವನ್ನಿಟ್ಟು ಸುತ್ತ ಪೆನ್ಸಿಲ್ ಎಳೆಯಿರಿ. ನಾಲ್ಕೂ ತುಂಡು ಹಿಡಿಸುವ ಅತಿ ಚಿಕ್ಕ ಆಯತ ಯಾವುದು? ಆ ಆಯತದಲ್ಲಿ ಒಟ್ಟು ಚೌಕ ಎಷ್ಟು, ತುಂಡುಗಳ ಒಳಗೆ ಬಿದ್ದ ಚೌಕ ಎಷ್ಟು, ಹೊರಗೆ ಉಳಿದದ್ದು ಶೇಕಡ ಎಷ್ಟು ಎಂದು ಲೆಕ್ಕ ಹಾಕಿ. ಈಗ ಒಂದು ತೋಳನ್ನು ತಲೆಕೆಳಗು ಮಾಡಿ ಇನ್ನೊಂದರ ಪಕ್ಕಕ್ಕೆ ಸೇರಿಸಿ ಇಟ್ಟು ಮತ್ತೆ ಎಣಿಸಿ. ಬನಿಯನ್ ಬಟ್ಟೆ ಒಂದು ದಿಕ್ಕಿಗೆ ಹೆಚ್ಚು ಹಿಗ್ಗುತ್ತದೆ. ಆದ್ದರಿಂದ ತುಂಡನ್ನು ಉಲ್ಟಾ ಇಡಬಹುದು, ಅಡ್ಡಡ್ಡ ತಿರುಗಿಸುವ ಹಾಗಿಲ್ಲ. ಈ ನಿಯಮ ಮರೆಯಬೇಡಿ. ಅತಿ ಕಡಿಮೆ ಚೂರು ಉಳಿಸಿದವರು ಹಾಳೆಯನ್ನು ವಿಜ್ಞಾನದ ಮೇಷ್ಟ್ರಿಗೋ ಟೀಚರಿಗೋ ತೋರಿಸಿ, ತರಗತಿಯ ಗೋಡೆಗೆ ಅಂಟಿಸಿ. ಅದನ್ನು ಮೀರಿಸುವವರು ಯಾರಾದರೂ ಬರುತ್ತಾರಾ ನೋಡೋಣ.